ರಾತ್ರಿ 3 ಗಂಟೆಗೆ ಎಬ್ಬಿಸೋ ಸೊಂಟನೋವು, ಎಕ್ಸ್‌ರೇ ಮಾತ್ರ ನಾರ್ಮಲ್. ಯಾರಿಗಾದ್ರೂ ಹೀಗಾಗಿದ್ಯಾ?

ನಸುಕು_29:
ಎಲ್ರಿಗೂ ನಮಸ್ಕಾರ. ನಂಗೆ 29 ವರ್ಷ, ಸೊಂಟನೋವು ಶುರುವಾಗಿ ನಾಲ್ಕು ವರ್ಷ ಆಯ್ತು. ರಾತ್ರಿ ಮೂರು, ಮೂರೂವರೆಗೆಲ್ಲ ಎಚ್ಚರ ಆಗ್ಬಿಡುತ್ತೆ, ಮಗ್ಗುಲು ಬದಲಿಸೋಕೆ ಮಂಚದ ಪಟ್ಟಿ ಹಿಡ್ಕೊಂಡು ಇಡೀ ಮೈನ ಒಟ್ಟಿಗೆ ಉರುಳಿಸ್ಬೇಕು, ಬೆಳಿಗ್ಗೆ ಬೆನ್ನು ಹಲಗೆ ಥರ ಸೆಟ್ಕೊಂಡಿರುತ್ತೆ, ಸಾಕ್ಸ್ ಹಾಕ್ಕೊಳೋಣ ಅಂದ್ರೆ ಪಾದ ಕೈಗೆ ಎಟಕಲ್ಲ. ಒಂದು ಗಂಟೆ ಓಡಾಡಿದ್ಮೇಲೆ ಸಡಿಲ ಆಗುತ್ತೆ. ನೋವು ಒಂದ್ಸಲ ಎಡಗಡೆ ಕುಂಡೆ ಒಳಗೆ, ಇನ್ನೊಂದ್ಸಲ ಬಲಗಡೆ. ಎಕ್ಸ್‌ರೇ, ಸೊಂಟದ ಎಂಆರ್‌ಐ ನೋಡಿದ ಡಾಕ್ಟ್ರು ಡಿಸ್ಕ್ ಸ್ವಲ್ಪ ಉಬ್ಬಿದೆ ಅಷ್ಟೇ, ರೆಸ್ಟ್ ತಗೊಳ್ಳಿ ಅಂದ್ರು. ರೆಸ್ಟ್ ತಗೊಂಡಷ್ಟೂ ಜಾಸ್ತಿ ಆಗ್ತಿದೆ. ಮನೇಲಿ ಈ ವಯಸ್ಸಿಗೆ ಏನ್ ನೋವು ನಿಂಗೆ ಅಂತಾರೆ, ಈಗೀಗ ನಂಗೇ ನನ್ಮೇಲೆ ಅನುಮಾನ ಬರ್ತಿದೆ.

ಹಳೇ_ಪೇಶೆಂಟ್:
ಅನುಮಾನ ಪಡ್ಬೇಡಿ, ನೀವು ಬರೆದಿದ್ದು ಓದ್ತಾ ನನ್ನ ಹನ್ನೊಂದು ವರ್ಷದ ಹಿಂದಿನ ರಾತ್ರಿಗಳೇ ನೆನಪಾದ್ವು. ನಂಗಿರೋದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದ್ರೆ ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಆಗೋ ಕಾಯಿಲೆ. ನಿಮಗೂ ಅದೇ ಅಂತ ನಾನು ಹೇಳೋಕಾಗಲ್ಲ, ಆದ್ರೆ 45 ವರ್ಷದೊಳಗೆ ನಿಧಾನಕ್ಕೆ ಶುರುವಾಗಿ ಮೂರು ತಿಂಗಳಿಗಿಂತ ಜಾಸ್ತಿ ಇರೋ ನೋವು, ಮಲಗಿದ್ರೆ ಹೆಚ್ಚಾಗಿ ಓಡಾಡಿದ್ರೆ ಕಮ್ಮಿ ಆಗೋದು, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸೋದು, ಇದೆಲ್ಲ ಉರಿಯೂತದ ಬೆನ್ನುನೋವಿನ ಲಕ್ಷಣ. ಇದನ್ನ ರುಮಟಾಲಜಿಸ್ಟೇ (ಕೀಲು, ಉರಿಯೂತದ ಕಾಯಿಲೆಗಳ ಡಾಕ್ಟ್ರು) ನೋಡ್ಬೇಕು, ದಯವಿಟ್ಟು ತಡ ಮಾಡ್ಬೇಡಿ.

ಇನ್ನೊಂದು, ಸೊಂಟದ ಮಾಮೂಲಿ ಎಂಆರ್‌ಐನಲ್ಲಿ ಸ್ಯಾಕ್ರೋಇಲಿಯಾಕ್ ಕೀಲು, ಅಂದ್ರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರೋ ಜಾಗ, ಸರಿಯಾಗಿ ಬರೋದೇ ಇಲ್ಲ. ಆ ಕೀಲಿಗೇ ಅಂತ ಬೇರೆ ಎಂಆರ್‌ಐ ಮಾಡಿಸ್ಬೇಕು. ಎಕ್ಸ್‌ರೇನಲ್ಲಿ ಬದಲಾವಣೆ ಕಾಣೋಕೆ ವರ್ಷಗಳೇ ಹಿಡಿಯುತ್ತೆ, ಹಾಗಾಗಿ ನಾರ್ಮಲ್ ಬಂತು ಅಂತ ಕಾಯಿಲೆ ಇಲ್ಲ ಅಂತಲ್ಲ. ಎಚ್‌ಎಲ್‌ಎ ಬಿ27 ಟೆಸ್ಟ್‌ನೂ ಹೇಳ್ತಾರೆ (ಈ ಕಾಯಿಲೆ ಜೊತೆ ನಂಟಿರೋ ಒಂದು ಜೀನ್ ಇದ್ಯಾ ಅಂತ ನೋಡೋ ರಕ್ತಪರೀಕ್ಷೆ), ಅದು ಪಾಸಿಟಿವ್ ಬಂದ್ರೆ ಗಾಬರಿ ಆಗ್ಬೇಡಿ, ಪಾಸಿಟಿವ್ ಇರೋರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರೋದೇ ಇಲ್ಲ, ನೆಗೆಟಿವ್ ಇದ್ದೂ ಕಾಯಿಲೆ ಇರೋರಿದಾರೆ.

ಕಿಟಕಿ_ಪಕ್ಕ:
ಅಣ್ಣ ಹೇಳಿದ್ದೆಲ್ಲ ಸರಿ. ನಂಗೂ ಇದೇ ಕಾಯಿಲೆ. ಉರಿಯೂತ ತೋರ್ಸೋ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್ ಇತ್ತು, ಅದಕ್ಕೇ ಏನಿಲ್ಲಮ್ಮ ಟೆನ್ಶನ್ ಅಷ್ಟೇ ಅಂತ ಕಳಿಸ್ಬಿಟ್ರು, ಹೆಂಗಸರಲ್ಲಿ ಈ ಕಾಯಿಲೆ ಪತ್ತೆ ಆಗೋದೇ ತಡವಾಗಿ. ಹಿಮ್ಮಡಿ ನೋವು ಇದ್ಯಾ, ಮನೇಲಿ ಯಾರಿಗಾದ್ರೂ ಸೋರಿಯಾಸಿಸ್ (ಚರ್ಮದ ಕಾಯಿಲೆ) ಇದ್ಯಾ, ಕೇಳ್ಕೊಂಡು ಡಾಕ್ಟ್ರಿಗೆ ಹೇಳಿ, ಇವಕ್ಕೂ ಈ ಕಾಯಿಲೆಗೂ ನಂಟಿದೆ. ಮುಖ್ಯವಾಗಿ ಕಣ್ಣು. ಒಂದೇ ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ನೋಡೋಕಾಗ್ದೆ ಮಂಜು ಮಂಜಾದ್ರೆ ಅದು ಯುವಿಯೈಟಿಸ್, ಅಂದ್ರೆ ಕಣ್ಣೊಳಗಿನ ಉರಿಯೂತ ಇರಬಹುದು, ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ನಾನು ಧೂಳು ಬಿದ್ದಿರ್ಬೇಕು ಅಂತ ಮೂರು ದಿನ ಸುಮ್ನಿದ್ದೆ, ಆ ತಪ್ಪು ನೀವು ಮಾಡ್ಬೇಡಿ.

ನಸುಕು_29:
ಹಿಮ್ಮಡಿ ನೋವು ಇದೆ ಅಕ್ಕ! ಚಪ್ಪಲಿಂದ ಅನ್ಕೊಂಡಿದ್ದೆ. ಓದ್ತಾ ಕಣ್ಣಲ್ಲಿ ನೀರು ಬಂತು. ಇದಕ್ಕೆ ಜೀವನಪೂರ್ತಿ ಇಂಜೆಕ್ಷನ್ ಅಂತ ಎಲ್ಲೋ ನೋಡ್ದೆ, ಅದೇ ಭಯ.

ಹಳೇ_ಪೇಶೆಂಟ್:
ಮೊದಲೇ ಇಂಜೆಕ್ಷನ್‌ಗೆ ಹೋಗಲ್ಲ. ಮೊದಲು ಉರಿಯೂತ ಕಮ್ಮಿ ಮಾಡೋ ಮಾತ್ರೆ ಮತ್ತೆ ವ್ಯಾಯಾಮ, ತುಂಬಾ ಜನಕ್ಕೆ ಅಷ್ಟರಲ್ಲೇ ಹಿಡಿತಕ್ಕೆ ಬರುತ್ತೆ. ಆದ್ರೆ ಆ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ತೊಂದ್ರೆ ಕೊಡ್ಬಹುದು, ನೀವೇ ತಗೊಂಡು ನುಂಗ್ತಾ ಇರ್ಬೇಡಿ. ಎರಡು ಥರ ಮಾತ್ರೆ ಕೆಲವು ವಾರ ಸರಿಯಾಗಿ ತಗೊಂಡೂ ಆಗ್ಲಿಲ್ಲ ಅಂದ್ರೆ ಅಡಾಲಿಮುಮಾಬ್ ಅಂಥ ಬಯಾಲಜಿಕ್ ಇಂಜೆಕ್ಷನ್ (ಉರಿಯೂತ ತಡೆಯೋ ಔಷಧಿ) ಬರುತ್ತೆ, ಅದಕ್ಕೆ ಮುಂಚೆ ಟಿಬಿ, ಹೆಪಟೈಟಿಸ್ ಬಿ ಟೆಸ್ಟ್ ಮಾಡ್ತಾರೆ. ನಾನು ಆರು ವರ್ಷದಿಂದ ತಗೋತಿದೀನಿ, ಮೊದಲ ಸಲ ಕೈ ನಡುಗಿತ್ತು, ಈಗ ಹಲ್ಲುಜ್ಜಿದ ಹಾಗೆ. ಸಿಗರೇಟ್ ಇದ್ರೆ ಬಿಟ್ಬಿಡಿ.

ದಿನಾ ಬೆಳಿಗ್ಗೆ ಬಿಸಿನೀರು ಮೈಮೇಲೆ ಹಾಕ್ಕೊಂಡು ಬಂದು ಗೋಡೆಗೆ ಹಿಮ್ಮಡಿ, ಬೆನ್ನು ಒತ್ತಿ ನಿಲ್ತೀನಿ, ತಲೆ ಹಿಂದೆ ಗೋಡೆಗೆ ತಾಗುತ್ತಾ ನೋಡ್ತೀನಿ. ಟ್ರೀಟ್‌ಮೆಂಟ್ ಶುರುವಾಗೋ ಮುಂಚೆ ನಾಲ್ಕು ಬೆರಳು ಗ್ಯಾಪ್ ಇತ್ತು, ಈಗ ಒಂದು. ನೀವೂ ಇವತ್ತೇ ನಿಂತು ನೋಡಿ, ಬರ್ಕೊಂಡು ಹೋಗಿ ಡಾಕ್ಟ್ರಿಗೆ ತೋರ್ಸಿ. ಅಪಾಯಿಂಟ್‌ಮೆಂಟ್ ಆದ್ಮೇಲೆ ಏನಂದ್ರು ಇಲ್ಲೇ ಹಾಕಿ, ಕಾಯ್ತಿರ್ತೀವಿ.