ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಏನು ಮಾಡಬೇಕು?

ದಾರಿಹೋಕ:
ಪಕ್ಕದ ಮನೆಯಾತ ಹೆಂಡತಿಗೆ ಹೊಡೆಯುತ್ತಾನೆ. ಅನುಮಾನ ಏನಿಲ್ಲ, ಗೋಡೆಯಾಚೆಯಿಂದ ಎಲ್ಲಾ ಕೇಳಿಸುತ್ತದೆ. ಸುತ್ತಲಿನ ಮನೆಯವರಿಗೂ ಗೊತ್ತು. ಕೇಳಿದರೆ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅಂತ ಗಾದೆ ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಜಗಳ ಆದರೆ ಸರಿ, ಇದು ಹೊಡೆತ ಅಲ್ವಾ? ನಾನು ನುಗ್ಗಿ ಹೋದರೆ ಅವನ ಸಿಟ್ಟೆಲ್ಲಾ ಆಮೇಲೆ ಅವಳ ಮೇಲೆ ತಿರುಗುತ್ತದೋ ಅಂತ ಭಯ. ನಿಜವಾಗಿ ಉಪಯೋಗಕ್ಕೆ ಬರೋದು ಏನಿದ್ದರೂ ಹೇಳಿ.

ಕಿಟಕಿ:
ಬೆಲ್ ಒತ್ತಿ. ತಮಾಷೆ ಅಲ್ಲ. ಭಾರತದಲ್ಲಿ 2008ರಲ್ಲಿ "ಬೆಲ್ ಬಜಾವೋ" ಅಂತ ಒಂದು ಪ್ರಚಾರ ಶುರುವಾಯಿತು, ಇದೇ ಅದರ ತಿರುಳು. ಪಕ್ಕದ ಮನೆಯಿಂದ ಸದ್ದು ಕೇಳಿಸಿದಾಗ ಹೋಗಿ ಬೆಲ್ ಒತ್ತುವುದು, ಸ್ವಲ್ಪ ಹಾಲು ಇದೆಯಾ ಅಂತಲೋ ಚೆಂಡು ಈ ಕಡೆ ಬಂತಾ ಅಂತಲೋ ಏನಾದರೂ ಕೇಳುವುದು. ಉಪದೇಶ ಬೇಡ, ಜಗಳವೂ ಬೇಡ. ಎತ್ತಿದ ಕೈ ಆ ಕ್ಷಣಕ್ಕೆ ಇಳಿಯಬೇಕು, ಹೊರಗೆ ಕೇಳಿಸುತ್ತಿದೆ ಅಂತ ಅವನಿಗೆ ಗೊತ್ತಾಗಬೇಕು, ಅಷ್ಟೇ. ಒಬ್ಬರೇ ಹೋಗಬೇಡಿ. ಕೈಯಲ್ಲಿ ಆಯುಧ ಇದೆ ಅನ್ನಿಸಿದರೆ ಅಥವಾ ಜೀವಕ್ಕೇ ಅಪಾಯ ಅನ್ನಿಸಿದರೆ ಬಾಗಿಲ ಹತ್ತಿರವೂ ಹೋಗದೆ ನೇರವಾಗಿ ಪೊಲೀಸರಿಗೆ ಫೋನ್ ಮಾಡಿ.

ಸುಮ್ನಿರೋದೇ ಮೇಲು:
ಮಧ್ಯೆ ಹೋಗಬೇಡಿ. ನಾಳೆ ಅವರಿಬ್ಬರೂ ಒಂದಾಗುತ್ತಾರೆ, ಕೆಟ್ಟವರಾಗೋದು ನೀವು. ಎಷ್ಟು ನೋಡಿಲ್ಲ.

ಹಳೇ ಪೆನ್ನು:
ಒಂದಾಗುತ್ತಾರೆ, ನಿಜ. ಎಷ್ಟೋ ಹೆಂಗಸರು ಪೂರ್ತಿ ಹೊರಬರುವ ಮೊದಲು ಹಲವು ಸಲ ವಾಪಸ್ ಹೋಗುತ್ತಾರೆ. ದುಡ್ಡು ಅವನ ಕೈಯಲ್ಲಿರುತ್ತದೆ, ಮಕ್ಕಳಿರುತ್ತಾರೆ, ತವರಿನವರು ಹೊಂದಿಕೊಂಡು ಹೋಗು ಅಂದಿರುತ್ತಾರೆ. ವಾಪಸ್ ಹೋದಳು ಅಂತ ನಾವು ಮುನಿಸಿಕೊಂಡರೆ ಮುಂದಿನ ಸಲ ಅವಳು ಯಾರ ಬಾಗಿಲು ತಟ್ಟಬೇಕು?

ದಾರಿಹೋಕರೇ, ಅವಳು ಒಬ್ಬಳೇ ಸಿಕ್ಕಾಗ ಮಾತಾಡಿ. ಮನೆಯಲ್ಲಿ ಹೆಂಗಸರಿದ್ದರೆ ಅವರು ಮಾತಾಡಿದರೆ ಇನ್ನೂ ಒಳ್ಳೆಯದು. "ನಮಗೆ ಕೇಳಿಸುತ್ತದೆ, ತಪ್ಪು ನಿಮ್ಮದಲ್ಲ, ಯಾವ ಹೊತ್ತಿಗಾದರೂ ಬನ್ನಿ" ಅಂದರೆ ಸಾಕು. "ಯಾಕೆ ಸಹಿಸ್ಕೊಂಡಿದ್ದೀರಿ, ಬಿಟ್ಟು ಬನ್ನಿ" ಅಂತ ಮಾತ್ರ ಒತ್ತಾಯ ಮಾಡಬೇಡಿ. ಬಿಟ್ಟು ಹೋಗುವ ಹೊತ್ತೇ ಜಾಸ್ತಿ ಅಪಾಯದ್ದು, ಕೈ ತಪ್ಪಿ ಹೋಗುತ್ತಾಳೆ ಅಂತ ಗೊತ್ತಾದಾಗಲೇ ಅವನು ಇನ್ನಷ್ಟು ಕ್ರೂರನಾಗುವುದು. ಅವನು ಯಾವತ್ತಾದರೂ ಕತ್ತು ಹಿಸುಕಿದ್ದಾನಾ ಅಂತ ಮೆಲ್ಲಗೆ ಕೇಳಿ. ಹೌದು ಅಂದರೆ ಗಾಯ ಕಾಣದಿದ್ದರೂ ಹಗುರವಾಗಿ ತಗೊಳ್ಳಬೇಡಿ, ಮುಂದೆ ಕೊಲೆಯವರೆಗೂ ಹೋಗಬಹುದು ಅನ್ನೋದಕ್ಕೆ ಅದು ದೊಡ್ಡ ಸೂಚನೆ. ಮಹಿಳಾ ಸಹಾಯವಾಣಿಯವರ ಜೊತೆ ಕೂತು ಹೊರಬರುವ ದಾರಿ ಮೊದಲೇ ಯೋಚಿಸಬೇಕು. ದಾಖಲೆಗಳ ಪ್ರತಿ, ಸ್ವಲ್ಪ ದುಡ್ಡು, ಒಂದು ಜೊತೆ ಬಟ್ಟೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದು. ಈ ವಿಷಯ ಏನನ್ನೂ ಅವಳಿಗೆ ಮೆಸೇಜ್ ಮಾಡಬೇಡಿ. ಆ ಫೋನ್ ಅವನೂ ನೋಡುತ್ತಿರುತ್ತಾನೆ ಅಂತಲೇ ಇಟ್ಟುಕೊಳ್ಳಿ.

ಮುಂಗಾರು:
ಗಂಡಸರ ಪಾಲಿನದ್ದು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು ಮೂವರಲ್ಲಿ ಒಬ್ಬ ಹೆಂಗಸು ಬದುಕಿನಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಳೆ, ಅದೂ ಹೆಚ್ಚಿನದು ಗಂಡ ಅಥವಾ ಸಂಗಾತಿಯಿಂದ. ಅಂದರೆ ಹೊಡೆಯುವವರು ನಮ್ಮ ಜೊತೆ ಕೆಲಸ ಮಾಡುವವರು, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇರುವವರು. ಅಲ್ಲಿ ಹೆಂಡತಿಗೆ ಬಾರಿಸೋ ಜೋಕ್ ಬಂದಾಗ ನಗದೆ "ಇದರಲ್ಲಿ ನಗೋಕೇನಿದೆ" ಅಂತ ಒಬ್ಬ ಕೇಳಿದರೂ ಗುಂಪಿನ ಗಾಳಿ ಬದಲಾಗುತ್ತದೆ.

ಉಗಾಂಡಾದ ಕಂಪಾಲದಲ್ಲಿ "ಸಾಸಾ" ಅಂತ ಒಂದು ಕಾರ್ಯಕ್ರಮ ನಡೆಯಿತು. ಆಯಾ ಬಡಾವಣೆಯ ಸಾಮಾನ್ಯ ಜನರೇ ತರಬೇತಿ ತಗೊಂಡು ಅಕ್ಕಪಕ್ಕದವರ ಜೊತೆ ಸುಮಾರು ಮೂರು ವರ್ಷ ಮಾತಾಡುತ್ತಾ ಹೋದರು. ಹೊಡೆಯಬೇಡಿ ಅಂತ ಶುರು ಮಾಡಲಿಲ್ಲ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾಕೆ ನಡೆಯುತ್ತದೆ ಅನ್ನೋದರಿಂದ ಶುರು ಮಾಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕೆಲಸ ನಡೆದ ಕಡೆ ಸಂಗಾತಿಯ ದೈಹಿಕ ಹಿಂಸೆ ಬೇರೆ ಕಡೆಗಿಂತ 52 ಶೇಕಡಾ ಕಡಿಮೆ ಕಂಡಿತ್ತು. ವರ್ಷಕ್ಕೊಂದು ಸಲ ನವೆಂಬರ್ 25ಕ್ಕೆ, ಹೆಂಗಸರ ಮೇಲಿನ ಹಿಂಸೆ ವಿರೋಧಿಸುವ ದಿನ ಅಂತ, ಮೇಣದಬತ್ತಿ ಹಚ್ಚಿ ಫೋಟೊ ಹಾಕೋದಕ್ಕಿಂತ ಇದು ಎಷ್ಟೋ ವಾಸಿ ಅಂತ ನನ್ನ ಅನಿಸಿಕೆ.

ದಾರಿಹೋಕ:
ಎಲ್ಲರಿಗೂ ಥ್ಯಾಂಕ್ಸ್. ಎದುರು ಮನೆಯವರ ಜೊತೆ ಮಾತಾಡಿದೆ, ಸದ್ದು ಕೇಳಿದರೆ ಇಬ್ಬರೂ ಒಟ್ಟಿಗೆ ಹೋಗಿ ಬೆಲ್ ಒತ್ತುವುದು ಅಂತ ಆಯಿತು. ಆ ಮನೆಯಲ್ಲಿ ಚಿಕ್ಕ ಹುಡುಗ ಒಬ್ಬನಿದ್ದಾನೆ. ಅವನಿಗೆ ಏನು ಹೇಳೋದು?

ಹಳೇ ಪೆನ್ನು:
ಅಮ್ಮನನ್ನು ಬಿಡಿಸೋಕೆ ನೀನು ಮಧ್ಯೆ ಹೋಗಬೇಡ, ನಮ್ಮ ಮನೆಗೆ ಓಡಿ ಬಾ ಅನ್ನಿ. ನಿನ್ನಿಂದ ಇದೆಲ್ಲ ಆಗ್ತಿಲ್ಲ ಅಂತಲೂ ಹೇಳಿ, ಎಷ್ಟೋ ಮಕ್ಕಳು ತಮ್ಮಿಂದಲೇ ಅಂತ ಅಂದುಕೊಂಡಿರುತ್ತಾರೆ. ಆದರೆ ಮೊದಲು ಅವನ ಅಮ್ಮನನ್ನು ಕೇಳಿಕೊಂಡೇ ಹೇಳಿ. ಹುಡುಗ ಹೋಗಿ ಅಪ್ಪನ ಮುಂದೆ ಬಾಯಿಬಿಟ್ಟರೆ ಕಷ್ಟ.