ಚೋಸಿನ್ 1950: ಚಳಿಗಾಲದ ಬೂಟು ಇದ್ದೂ ಕಾಲು ಹೋಗಿದ್ದೇಕೆ?

ವಿದ್ಯಾನಗರ_ದಾವಣಗೆರೆ:
ಎನ್‌ಸಿಸಿ ಹುಡುಗರಿಗೆ ಶನಿವಾರ ಕೊರಿಯಾ ಯುದ್ಧದ ಪಾಠ, ಉತ್ತರ ಕೊರಿಯಾದ ಚೋಸಿನ್ ಜಲಾಶಯದ ಕದನದ ಭಾಗ ನನ್ನದು. ಅಮೆರಿಕದ 1ನೇ ಮರೀನ್ ಡಿವಿಜನ್‌ನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 4,400. ಕಾದಾಟದ್ದಲ್ಲದ ಕಾರಣಕ್ಕೆ ಬಿದ್ದವರು ಸುಮಾರು 7,300, ಅದರಲ್ಲಿ ಫ್ರಾಸ್ಟ್‌ಬೈಟೇ (ಚಳಿಗೆ ಕೈಕಾಲಿನ ಮಾಂಸ ಹೆಪ್ಪುಗಟ್ಟಿ ಹಾಳಾಗೋದು) ಜಾಸ್ತಿ. ಚಳಿಗೆ ಅಂತಲೇ ಬೂಟು ಕೊಟ್ಟಿದ್ದರಲ್ಲ, ಮತ್ತೆ ಹೇಗೆ? ನಮ್ಮೂರ ಬಿಸಿಲಲ್ಲಿ ಮೈನಸ್ 30 ಅಂದ್ರೆ ಹುಡುಗರು ನಗ್ತಾರೆ, ತೋರಿಸೋಕೆ ಏನಾದ್ರೂ ಇದ್ರೆ ಹೇಳಿ.

ಕೋಟೆ_ಬಾಗಿಲು (ಚಿತ್ರದುರ್ಗ):
ಆ ಬೂಟೇ ಕಾರಣ ಸರ್. ಹೆಸರು ಷೂಪ್ಯಾಕ್: ಪಾದದ ಭಾಗ ರಬ್ಬರ್, ಮೇಲಿನದು ಚರ್ಮ, ಒಳಗೆ ತೆಗೆದು ಹಾಕೋ ಫೆಲ್ಟ್ (ಒತ್ತಿದ ಉಣ್ಣೆ) ಅಟ್ಟೆ. ಹೊರಗಿನ ನೀರು ಒಳಗೆ ಬರಲ್ಲ, ಒಳಗಿನ ಬೆವರೂ ಹೊರಗೆ ಹೋಗಲ್ಲ. ಹೊರೆ ಹೊತ್ತು ಗುಡ್ಡ ಹತ್ತುವಾಗ ಸಾಕ್ಸ್ ತೊಯ್ದು ತೊಪ್ಪೆ. ನಿಂತ ಮೇಲೆ ಅದೇ ಬೆವರು ಬೆರಳಿಗೂ ಸಾಕ್ಸಿಗೂ ನಡುವೆ ಐಸ್ ಪದರ ಆಗ್ತಿತ್ತು. ಮದ್ದು ಗೊತ್ತಿತ್ತು: ದಿನಕ್ಕೊಮ್ಮೆಯಾದರೂ ಸಾಕ್ಸ್, ಅಟ್ಟೆ ಎರಡೂ ಬದಲಿಸೋದು, ಒದ್ದೆಯದನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಒಣಗಿಸೋದು. ಗುಂಡು ಹಾರ್ತಿರುವಾಗ, ಬೆರಳು ಮರಗಟ್ಟಿರುವಾಗ ಲೇಸ್ ಬಿಚ್ಚೋರು ಯಾರು?

ತೋರಿಸೋಕೆ: ಒಬ್ಬ ಹುಡುಗನ ಒಂದು ಕಾಲಿಗೆ ಮಾತ್ರ ಉಲ್ಲನ್ ಸಾಕ್ಸ್, ಅದರ ಮೇಲೆ ಪ್ಲಾಸ್ಟಿಕ್ ಕವರ್, ಆಮೇಲೆ ಬೂಟು. ಮೈದಾನದಲ್ಲಿ ನಾಲ್ಕು ಸುತ್ತು ಓಡಿಸಿ, ಸಾಕ್ಸ್ ತೆಗೆಸಿ, ಎಲ್ಲರ ಕೈಗೂ ಕೊಡಿ. ನಗು ನಿಲ್ಲುತ್ತೆ.

ಬೆಣ್ಣೆದೋಸೆ_ಬ್ರಿಗೇಡ್:
ಬಂದೂಕಿನ ಕಥೆ ಬಿಡಬೇಡಿ. ಡಿಸೆಂಬರ್ ಬೆಳಿಗ್ಗೆ ನಮ್ಮ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ಬೋರಲು ಹಾಕಿದ್ರೂ ಇಳಿಯಲ್ವಲ್ಲ, ಬಂದೂಕಿನ ಎಣ್ಣೆಗೂ ಅದೇ ಗತಿ. ಗುಂಡನ್ನ ನಳಿಗೆಗೆ ತಳ್ಳೋ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತೆ. ಹಗುರ ಬಂದೂಕು ಎಂ1 ಕಾರ್ಬೈನ್ ಹೆಚ್ಚು ಕೈಕೊಟ್ಟಿತು, ದೊಡ್ಡ ರೈಫಲ್ ಗ್ಯಾರಂಡ್ ಪರವಾಗಿಲ್ಲ. ಎಣ್ಣೆ ಪೂರ್ತಿ ಒರೆಸಿ ಒಣಗಿದ್ದನ್ನೇ ಬಳಸೋದು ಒಂದು ದಾರಿ. ನೀರಿನಿಂದ ತಂಪಾಗೋ ಮೆಷಿನ್‌ಗನ್ ನೀರಿಗೆ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ಮಾಡೋ ದ್ರವ) ಬೆರೆಸಿ, ಆಗಾಗ ನಾಲ್ಕು ಗುಂಡು ಹಾರಿಸ್ತಾ ಇರಬೇಕು. ನೆಲ ಕಲ್ಲಾಗಿತ್ತು. ಗುಂಡಿ ತೋಡೋಕೂ ಆಗ್ತಿರಲಿಲ್ಲ, ಮಾರ್ಟರ್ (ಶೆಲ್ ಮೇಲಕ್ಕೆ ಹಾರಿಸೋ ಗಿಡ್ಡ ಫಿರಂಗಿ) ಬುಡದ ಪ್ಲೇಟ್ ಬಿರುಕು ಬಿಡ್ತಿತ್ತು.

ಔಷಧಿ_ಡಬ್ಬಿ (ಹರಿಹರ):
ಗಾಯಾಳುಗಳದ್ದೂ ಸೇರಿಸಿ. ನೋವು ಕಳೆಯೋ ಮಾರ್ಫಿನ್ ಟ್ಯೂಬ್ ಗಟ್ಟಿಯಾಗದಂತೆ ವೈದ್ಯಕೀಯ ಸಹಾಯಕರು ಬಾಯಲ್ಲಿ ಇಟ್ಕೊಂಡು ಓಡಾಡ್ತಿದ್ದರು. ಗಾಯಾಳುಗಳಿಗೆ ಏರಿಸೋ ಪ್ಲಾಸ್ಮಾ (ರಕ್ತದ ದ್ರವಭಾಗ) ನಳಿಗೆಯೊಳಗೆ ಐಸ್ ಕಟ್ಟಿ ನಿಂತುಹೋಗ್ತಿತ್ತು. ಗಾಯ ನೋಡೋಕೆ ಬಟ್ಟೆ ಕತ್ತರಿಸಿದ್ರೆ ಮನುಷ್ಯ ಚಳಿಗೇ ಸಾಯ್ತಾನೆ. ಆದರೆ ಅದೇ ಚಳಿಗೆ ರಕ್ತ ಗಾಯದ ಬಾಯಲ್ಲೇ ಹೆಪ್ಪುಗಟ್ಟಿ ಕೆಲವರ ಜೀವ ಉಳಿದದ್ದೂ ಉಂಟು. ಡಬ್ಬಿ ಊಟ ಅರೆಬರೆ ಕರಗಿಸಿ ತಿಂದವರಿಗೆ ಭೇದಿ, ಅದೂ ಆ ಚಳಿಯಲ್ಲಿ ಪ್ಯಾಂಟ್ ಬಿಚ್ಚಬೇಕು!

ವಿದ್ಯಾನಗರ_ದಾವಣಗೆರೆ:
ಸಾಕ್ಸ್ ಪ್ರಯೋಗ ಖಂಡಿತ ಮಾಡ್ತೀನಿ. ಆಮೇಲಾದ್ರೂ ಬೂಟು ಬದಲಾಯ್ತಾ?

ಕೋಟೆ_ಬಾಗಿಲು (ಚಿತ್ರದುರ್ಗ):
ಆಯ್ತು. 1951ರ ಚಳಿಗಾಲಕ್ಕೆ ಎರಡು ರಬ್ಬರ್ ಪದರದ ನಡುವೆ ಗಾಳಿ, ಉಣ್ಣೆ ತುಂಬಿದ ದಪ್ಪ ಬೂಟು ಬಂತು, ಸೈನಿಕರ ಬಾಯಲ್ಲಿ ಮಿಕ್ಕಿ ಮೌಸ್ ಬೂಟು. ಕಾಲು ಅದರಲ್ಲೂ ಬೆವರುತ್ತೆ, ಆದರೆ ಒದ್ದೆಯಾದ್ರೂ ಬೆಚ್ಚಗಿರುತ್ತೆ. ಇನ್ನೊಂದು, ನಮ್ಮ ಸೇನೆಯ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ (ವೈದ್ಯಕೀಯ ತುಕಡಿ) ಕೊರಿಯಾದಲ್ಲಿತ್ತು ನಿಜ, ಆದರೆ ಪಶ್ಚಿಮದ ಪ್ಯೊಂಗ್ಯಾಂಗ್ ಕಡೆ. ಅದನ್ನ ತಂದು ಚೋಸಿನ್‌ಗೆ ಸೇರಿಸಬೇಡಿ.