ಸಹಾಯ ಬೇಕು: ಎಡಕ್ಕೆ ಎಳೆಯುವ ಗಾಲಿಕುರ್ಚಿ
ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರು ಬಳಸುವ, ಮಡಚಿಡಬಹುದಾದ ಗಾಲಿಕುರ್ಚಿಯು ಸಮತಟ್ಟಾದ ನೆಲದ ಮೇಲೂ ಎಡಕ್ಕೆ ಎಳೆಯುತ್ತಿದ್ದು, ಸ್ವಲ್ಪ ವೇಗವಾಗಿ ತಳ್ಳಿದರೆ ಎಡಗಡೆಯ ಮುಂದಿನ ಚಿಕ್ಕ ಚಕ್ರ ಅದುರುತ್ತದೆ. ಗಾಳಿ ಕಡಿಮೆಯಾದರೆ ಬ್ರೇಕ್ ಕೂಡ ಟೈರನ್ನು ಗಟ್ಟಿಯಾಗಿ ಒತ್ತುವುದಿಲ್ಲವಾದ್ದರಿಂದ, ಹಿಂದಿನ ಎರಡೂ ಟೈರುಗಳಿಗೆ ಅವುಗಳ ಬದಿಯಲ್ಲಿ ಮುದ್ರಿಸಿರುವಷ್ಟೇ ಗಾಳಿಯನ್ನು ಮೊದಲೇ ತುಂಬಿಸಿದ್ದೇನೆ. ಚಿಕ್ಕ ಚಕ್ರದ ಅಚ್ಚಿಗೆ ಸುತ್ತಿಕೊಂಡಿದ್ದ ಕೂದಲು, ದಾರಗಳನ್ನು ತೆಗೆದ ಮೇಲೆ (ಅಲ್ಲಿ ಎಷ್ಟು ಸೇರಿರುತ್ತದೆಂಬುದು ಬಿಚ್ಚಿ ನೋಡಿದವರಿಗೇ ಗೊತ್ತು) ಚಕ್ರ ಸರಾಗವಾಗಿ ತಿರುಗುತ್ತಿದೆಯಾದರೂ ಅದುರುವುದು ನಿಂತಿಲ್ಲ. ಆ ಚಕ್ರವನ್ನು ಹಿಡಿದಿರುವ ಫೋರ್ಕ್‌ನ ಮೇಲಿನ ನಟ್ ಸಡಿಲವಾಗಿರಬಹುದೆಂದು ನನ್ನ ಊಹೆ. ಫೋರ್ಕ್ ಸುಲಭವಾಗಿ ತಿರುಗುತ್ತಲೂ ಇರಬೇಕಾದ್ದರಿಂದ ನಟ್ಟನ್ನು ಎಷ್ಟರ ಮಟ್ಟಿಗೆ ಬಿಗಿಗೊಳಿಸಬೇಕು, ಬೇರಿಂಗ್ ಸವೆದಿದ್ದರೆ ಅದನ್ನು ಹೇಗೆ ಗುರುತಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.